ಪುಡಿಗೆ ನಮಸ್ಕಾರ, ಪಾಸ್ತಾಗೆ ಎಳೆ ಬಟಾಣಿ

ನಮ್ಮ ಯಜಮಾನರು ಪೇಂಟರ್. ಏಣಿ ಹತ್ತಿದರೇ ನಮ್ಮ ಹೊಟ್ಟೆಪಾಡು. ಆವತ್ತು ಮಧ್ಯಾಹ್ನವೇ ಮನೆಗೆ ಬಂದು ಗೋಡೆ ಹಿಡಿದು ಕೂತರು. ಏಣಿಯ ಮೇಲೆ ತಲೆ ಸುತ್ತಿತ್ತಂತೆ. ಆಸ್ಪತ್ರೆಗೆ ಹೋದರೆ, ಬಿ.ಪಿ. ಮಿತಿಮೀರಿದೆ, ಮಾತ್ರೆ ತೆಗೆದುಕೊಳ್ಳಿ, ಉಪ್ಪು ಕಡಿಮೆ ಮಾಡಿ, ಬಿ.ಪಿ. ಇಳಿಯುವವರೆಗೆ ಏಣಿ ಮುಟ್ಟಬೇಡಿ ಎಂದರು ಡಾಕ್ಟರು.

ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಸಂಜೆ ಮನೆಗೆ ಬರುವಾಗ ಕಾಲು ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ರಾತ್ರಿಯೂಟ ಅತ್ತೆಯದು. ಅವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಅಲ್ಲಿ ಎಲ್ಲ ಪಾಳಿಗೂ ಒಂದೇ ಕೊಪ್ಪರಿಗೆ; ಬೆಳಗ್ಗೆ ಇಟ್ಟದ್ದು ರಾತ್ರಿಯವರೆಗೂ ಕುದಿಯುತ್ತಿತ್ತು. ಮನೆಯಲ್ಲೂ ಅದೇ ಕ್ರಮ. ಪಾಸ್ತಾ, ತರಕಾರಿ ಎಲ್ಲ ಒಟ್ಟಿಗೆ ಸುರಿದು ಅಂಟಾಗುವವರೆಗೆ ಬೇಯಿಸುವುದು. ಆಮೇಲೆ ರುಚಿಯೇ ಇಲ್ಲವಲ್ಲ ಎಂದು ಮಸಾಲೆ ಪುಡಿಯ ಪೊಟ್ಟಣ ಎರಡೆರಡು ಒಡೆದು ಹಾಕುವುದು.

ಎದುರುಮನೆಯ ನರ್ಸಕ್ಕನಿಗೆ ಒಂದು ಪೊಟ್ಟಣ ತೋರಿಸಿದೆ. ಹಿಂಬದಿ ಓದಿ ಹಣೆ ಚಚ್ಚಿಕೊಂಡರು.

"ಅಲ್ಲ ಕಣೇ, ಇದರಲ್ಲಿ ಅರ್ಧಕ್ಕರ್ಧ ಉಪ್ಪೇ! ಮಾತ್ರೆ ಬಿ.ಪಿ. ಇಳಿಸೋಕೆ ಒದ್ದಾಡ್ತಿದ್ರೆ, ನೀವೆಲ್ಲ ಸೇರಿ ಏರಿಸ್ತಿದ್ದೀರ."

"ಪುಡಿ ಹಾಕದಿದ್ರೆ ಯಾರೂ ತಟ್ಟೆ ಮುಟ್ಟಲ್ಲ ಅಕ್ಕಾ."

"ತರಕಾರಿನ ಅಷ್ಟು ಬೇಯಿಸಿದ್ರೆ ರುಚಿ ಎಲ್ಲಿ ಉಳಿಯುತ್ತೆ? ಚಳಿ ಮುಗೀತು, ಮಾರ್ಕೆಟ್ ತುಂಬಾ ಎಳೇ ತರಕಾರಿ ಬಂದಿದೆ. ಪಾಸ್ತಾ ಮುಕ್ಕಾಲು ಬೆಂದ ಮೇಲೆ ಹಾಕು, ಆಗ ನೋಡು."

ಮರುದಿನ ತರಕಾರಿ ಚೀಲ ಹಿಡಿದು ಬಂದರೆ, ಅತ್ತೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತರು.

"ಇಡೀ ಕಾರ್ಖಾನೆಗೆ ಉಣ್ಣಿಸಿದವಳು ನಾನು. ನಂಗೇ ಪಾಠ ಹೇಳೋಕೆ ಬಂದ್ಯಾ?"

"ಪಾಠ ಹೇಳೋಕಲ್ಲ ಅತ್ತೆ. ನನ್ನ ಗಂಡನ್ನ ಉಳಿಸ್ಕೊಳ್ಳೋಕೆ ಬಂದಿದೀನಿ. ದಾರಿ ಬಿಡಿ."

"ಅವನು ನನ್ನ ಮಗ ಕಣೇ!"

"ಹಾಗಾದ್ರೆ ಬನ್ನಿ, ಬಟಾಣಿ ಸುಲೀರಿ."

ಗೊಣಗುತ್ತಲೇ ಸುಲಿದರು. ನಾನು ನೀರಿಗೆ ಉಪ್ಪು ಹಾಕದೆ ಪಾಸ್ತಾ ಬೇಯಲಿಟ್ಟೆ. ಇಳಿಸಲು ನಾಲ್ಕೈದು ನಿಮಿಷ ಇದೆ ಎನ್ನುವಾಗ ಸಣ್ಣಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್, ಬಟಾಣಿ ಹಾಕಿದೆ. ಬಸಿಯುವಾಗ ಒಂದು ಸೌಟು ನೀರು ಎತ್ತಿಟ್ಟುಕೊಂಡೆ. ಅದೇ ಪಾತ್ರೆಗೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ. ಘಮ್ಮೆಂದ ಕೂಡಲೇ ಬಸಿದದ್ದನ್ನೆಲ್ಲ ಸೇರಿಸಿ, ಎತ್ತಿಟ್ಟ ನೀರು ಹೊಯ್ದೆ. ಒಲೆ ಆರಿಸಿ ಪಾಲಕ್ ಸೊಪ್ಪು, ಕಾಳುಮೆಣಸಿನ ಪುಡಿ, ನಿಂಬೆರಸ, ಕೊನೆಗೆ ಒಂದೇ ಚಿಟಿಕೆ ಉಪ್ಪು. ಅತ್ತೆ ಸಿಪ್ಪೆ ಬಳಿದು ಎಸೆದು ಬರುವಷ್ಟರಲ್ಲಿ ಊಟ ಸಿದ್ಧವಾಗಿತ್ತು.

ಮೊದಲ ತುತ್ತಿಗೇ ಯಜಮಾನರು ಮುಖ ಸಿಂಡರಿಸಿದರು.

"ಸಪ್ಪೆ. ಒಂದೇ ಒಂದು ಪುಡಿ ಕೊಡೇ."

"ಕೊಡಲ್ಲ. ಎಲ್ಲಾ ಕಸದ ಬುಟ್ಟೀಲಿದೆ, ಬೇಕಾದ್ರೆ ಆರಿಸ್ಕೊಳ್ಳಿ. ನೀವು ಏಣಿಯಿಂದ ಬಿದ್ರಿ ಅನ್ನೋ ಸುದ್ದಿ ಕೇಳೋಕೆ ನಾನು ತಯಾರಿಲ್ಲ!"

ಅವರು ಇನ್ನೊಂದು ಹೋಳು ನಿಂಬೆ ಹಿಂಡಿಕೊಂಡರು. ಅತ್ತೆ ಒಂದು ಬಟಾಣಿ ಅಗಿದರು, ಮತ್ತೊಂದು ಅಗಿದರು. "ಸಿಹಿಯಾಗಿದೆ ಕಣೋ. ಸುಮ್ನೆ ತಿನ್ನು," ಎಂದರು.

ದಿನ ಕಳೆದಂತೆ ನಾಲಿಗೆ ಒಗ್ಗಿತು. ಮಾತ್ರೆಯೂ ತಪ್ಪಲಿಲ್ಲ. ಮೊನ್ನೆ ಡಾಕ್ಟರು ಪರೀಕ್ಷೆ ಮಾಡಿ, "ಇಳಿದಿದೆ. ಇನ್ನು ಏಣಿ ಹತ್ತಬಹುದು, ಮಾತ್ರೆ ಮಾತ್ರ ಬಿಡಬೇಡಿ," ಎಂದರು. ನಿನ್ನೆ ಲಾಂಡ್ರಿಗೆ ಹೋಗುವಾಗ ನೋಡಿದರೆ, ಯಜಮಾನರು ಎರಡನೇ ಮಹಡಿಯ ಕಿಟಕಿಗೆ ಬಣ್ಣ ಬಳಿಯುತ್ತ ಸಿಳ್ಳೆ ಹಾಕುತ್ತಿದ್ದಾರೆ!

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರಿಗೆ ತಲೆ ಸುತ್ತಿದರೆ ಹಿಡಿದುಕೊಳ್ಳಲು ಪುಡಿ ಮಾರುವವರು ಬರುವುದಿಲ್ಲ. ಟೈಮಿಲ್ಲ ಅನ್ನಬೇಡಿ, ಪಾಸ್ತಾ ಬೇಯುವ ಹೊತ್ತಿನಲ್ಲೇ ತರಕಾರಿಯೂ ಬೇಯುತ್ತದೆ. ಇವತ್ತೇ ಪೊಟ್ಟಣದ ಹಿಂಬದಿ ಓದಿ. ಮನೆಯವರೆಲ್ಲರ ಬಿ.ಪಿ. ನೋಡಿಸಿ. ಉಪ್ಪಿನ ಕೈ ಬಿಗಿ ಹಿಡಿಯಿರಿ. ಯಾರು ಮುನಿಸಿಕೊಂಡರೂ ಮುನಿಸಿಕೊಳ್ಳಲಿ, ಜಗ್ಗಬೇಡಿ. ಕೆಲಸಕ್ಕೆ ಹೋದ ನಿಮ್ಮವರು ಸಂಜೆ ತಮ್ಮ ಕಾಲ ಮೇಲೆ ನಡೆದು ಮನೆಗೆ ಬರಬೇಕು, ಅಷ್ಟೇ.