ಹೆಸರು ಸಿಗದ ಕವಲು

ನನ್ನ ಹೆಂಡತಿ ನಮಿತಾಳಿಗೆ ಎರಡು ಉದ್ಯೋಗ. ಒಂದಕ್ಕೆ ಸರಕಾರ ಸಂಬಳ ಕೊಡುತ್ತದೆ. ಪ್ಲಸ್ ಟು ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುವ ಕೆಲಸ ಅದು. ಇನ್ನೊಂದಕ್ಕೆ ಯಾರೂ ಬಿಡಿಗಾಸು ಕೊಡುವುದಿಲ್ಲ. ಕೊರೋನಾ ವೈರಸ್ಸಿನ ಸಂತಾನ ಎಲ್ಲೆಲ್ಲಿ ಕವಲೊಡೆದಿದೆ, ಯಾವುದು ಯಾವುದರ ಮಗು ಎಂದು ಲ್ಯಾಪ್‌ಟಾಪಿನಲ್ಲಿ ಹುಡುಕುವುದು. ಲೋಕವೆಲ್ಲ ಆ ಕಾಯಿಲೆಯನ್ನು ಮರೆತು ಮಾಸ್ಕಿನಿಂದ ಸೈಕಲ್ ಒರೆಸುವ ಕಾಲ ಬಂದರೂ ಇವಳು ಮಾತ್ರ ಬಿಟ್ಟಿಲ್ಲ. ಕೇರಳಕ್ಕೆ ಸೇರಿದ ಗಡಿನಾಡಿನ ಮುಳ್ಳೇರಿಯ ಪೇಟೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ನನಗೆ ಇದರಿಂದ ಆಗಿರುವ ಲಾಭವೆಂದರೆ, ರಜಾದಿನದ ಸಾರಿಗೆ ಆಗಾಗ ಉಪ್ಪು ಇರುವುದಿಲ್ಲ.

ಕೆಲಸ ಹೀಗೆ. ಯಾವುದೋ ಆಸ್ಪತ್ರೆಯಲ್ಲಿ ಒಬ್ಬನ ಮೂಗಿನ ದ್ರವದಲ್ಲಿ ವೈರಸ್ ಸಿಕ್ಕಿತು ಅನ್ನಿ. ಅಂಥವುಗಳಲ್ಲಿ ಕೆಲವನ್ನು ಲ್ಯಾಬಿಗೆ ಕಳಿಸಿ ಅದರ ಜೀನೋಮನ್ನು ಪೂರ್ತಿ ಓದಿಸುತ್ತಾರೆ. ಮೂವತ್ತು ಸಾವಿರದಷ್ಟು ಅಕ್ಷರಗಳ ಬರಹ. ಅದನ್ನು ಎಲ್ಲ ದೇಶದವರೂ ತಂದು ಒಂದೇ ಕಡೆ ಹಂಚಿಕೊಳ್ಳುತ್ತಾರೆ. ವೈರಸ್ ತನ್ನನ್ನು ನಕಲು ಮಾಡಿಕೊಳ್ಳುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಅದರ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. ಒಂದೇ ಬಗೆಯ ತಪ್ಪು ಇರುವವು ಒಂದೇ ಕುಟುಂಬದವು. ನಮ್ಮ ತುಳುವರಲ್ಲಿ ತಾಯಿಯ ಬರಿ, ಅಂದರೆ ಕುಲ, ಮಕ್ಕಳಿಗೆ ಬರುತ್ತದೆ, ಹೆಣ್ಣು ಕೇಳಲು ಹೋದರೆ ಮೊದಲು ವಿಚಾರಿಸುವುದೇ ಬರಿ ಯಾವುದೆಂದು. ನನ್ನ ಹೆಂಡತಿ ವೈರಸ್ಸಿನ ಬರಿ ವಿಚಾರಿಸುತ್ತಾಳೆ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುವುದುಂಟು.

ಹೊಸ ಕವಲು ಕಣ್ಣಿಗೆ ಬಿದ್ದರೆ ಒಂದು ಸಾರ್ವಜನಿಕ ವೇದಿಕೆಯಲ್ಲಿ ಯಾರು ಬೇಕಾದರೂ ಪ್ರಸ್ತಾಪ ಹಾಕಬಹುದು. ಅಲ್ಲಿಯ ವಿಜ್ಞಾನಿಗಳು ಒಪ್ಪಿದರೆ ಕವಲಿಗೆ ಹೆಸರು ಬರುತ್ತದೆ. ಹೆಸರೆಂದರೆ ಎರಡು ಮೂರು ಇಂಗ್ಲಿಷ್ ಅಕ್ಷರ, ಒಂದು ಚುಕ್ಕೆ, ಒಂದು ಸಂಖ್ಯೆ, ಸ್ಕೂಟರಿನ ನಂಬರ್ ಪ್ಲೇಟಿನ ಹಾಗೆ. ಊರಿನ ಹೆಸರು ಇಡುವುದಿಲ್ಲ, ಆ ಊರಿನವರನ್ನು ಜನ ದೂರಬಾರದಲ್ಲ. ನಮಿತಾ ಎರಡು ಸಲ ಪ್ರಸ್ತಾಪ ಹಾಕಿ ಎರಡು ಸಲವೂ ತಿರಸ್ಕಾರ ಪಡೆದಿದ್ದಳು. ಸಾಕ್ಷ್ಯ ಕಡಿಮೆ, ಕಾದು ನೋಡಿ ಎಂದಿದ್ದರು. ಆ ವಿಜ್ಞಾನಿಗಳ ಮನೆಯ ಮಿಕ್ಸಿ ನನ್ನ ಅಂಗಡಿಗೆ ಬಂದರೆ ನಾನೂ ಕಾದು ನೋಡಿ ಎನ್ನುತ್ತಿದ್ದೆ. ಅವಳಿಗೆ ಸಿಟ್ಟಿರಲಿಲ್ಲ, ಆಸೆ ಮಾತ್ರ ಇತ್ತು. ಇಷ್ಟು ದೊಡ್ಡ ಮರದಲ್ಲಿ ಒಂದೇ ಒಂದು ಕವಲು, ಇದನ್ನು ಮೊದಲು ಕಂಡದ್ದು ನಾನು ಎನ್ನುವಂಥದ್ದು, ತನ್ನ ಜೀವಮಾನದಲ್ಲಿ ಬೇಕು ಎಂದಿದ್ದಳು. ಅವಳು ನನ್ನಲ್ಲಿ ಸೀರೆ ಕೇಳಿದ್ದೂ ಇಷ್ಟು ಆಸೆಯಿಂದಲ್ಲ.

2025ರ ಆಗಸ್ಟಿನಲ್ಲಿ ಅವಳಿಗೆ ಏಳು ಬರಹಗಳ ಒಂದು ಗುಂಪು ಸಿಕ್ಕಿತು. ಏಳರಲ್ಲೂ ಬೇರೆಲ್ಲೂ ಕಾಣದ ಎರಡು ಬದಲಾವಣೆ. ಎಲ್ಲವೂ ಮೇ ತಿಂಗಳ ಮಾದರಿಗಳು. ಐದರ ಮುಂದೆ ಕರ್ನಾಟಕ ಎಂದಿತ್ತು, ಎರಡರ ಮುಂದೆ ಕೇರಳ. ಒಂದೇ ಮನೆಯೊಳಗೆ ಸುತ್ತಿದ ವೈರಸ್ಸಿಗೆ ಹೆಸರು ಕೊಡುವುದಿಲ್ಲ, ಅದು ಹರಡುತ್ತಿರಬೇಕು. ಇಲ್ಲಿ ಎರಡು ರಾಜ್ಯ, ಎರಡು ಲ್ಯಾಬು. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೇ ಎಂದು ಅವಳು ಪ್ರಸ್ತಾಪ ಹಾಕಿಯೇಬಿಟ್ಟಳು. ಈ ಸಲ ಉತ್ತರವೂ ಬಂತು: ಗುಂಪು ಆಸಕ್ತಿ ಹುಟ್ಟಿಸುವಂತಿದೆ, ರೋಗಿಗಳ ವಿವರ ಸೇರಿಸಿ. ಆ ಸಂಜೆ ಅವಳು ಮಾಡಿದ ಪಾಯಸಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು.

ಭಾನುವಾರ ಚಹಾ ಕುಡಿಯುತ್ತ ಆ ವಿವರಗಳನ್ನು ನನಗೆ ಓದಿ ಹೇಳಿದಳು. ಹಂಚಿಕೊಂಡ ಬರಹದ ಜೊತೆ ರೋಗಿಯ ಹೆಸರು ಇರುವುದಿಲ್ಲ. ಪ್ರಾಯ, ಗಂಡೋ ಹೆಣ್ಣೋ, ಮಾದರಿ ತೆಗೆದ ದಿನ, ರಾಜ್ಯ, ಅಷ್ಟೇ. ನಾನು ಮದುವೆ ದಲ್ಲಾಳಿಯ ಹಾಗೆ ತಮಾಷೆ ಮಾಡುತ್ತಿದ್ದೆ. ಕರ್ನಾಟಕದ ಹೆಂಗಸು, ಪ್ರಾಯ ಎಂಬತ್ತಮೂರು ಎಂದಾಗ ಸಂಬಂಧ ಸ್ವಲ್ಪ ಹಳೆಯದಾಯಿತು ಎಂದೆ. ಕೇರಳದ ಗಂಡಸು, ನಲವತ್ತೇಳು ಎಂದಾಗ ಇದು ನೋಡಬಹುದು ಎಂದೆ. ಅವಳು ನಗಲಿಲ್ಲ. ದಿನಾಂಕವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ದಿನಾಂಕ ನೋಡಿದಳು.

"ರಿಫಾನಾಳ ಮದುವೆ ಕಳೆದು ನಿಮಗೆ ಜ್ವರ ಬಂದದ್ದು ಯಾವಾಗ?"

ಕುಂಜತ್ತೂರಿನ ಹಸೈನಾರ್ ಕಾಕನ ಮಗಳು ರಿಫಾನಾ. ದುಬೈಯಲ್ಲಿ ನಾನೂ ಅವರೂ ಒಂದೇ ಕಂಪೆನಿಯಲ್ಲಿ ಏಸಿ ಕೂರಿಸುತ್ತಿದ್ದೆವು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಮೇ ತಿಂಗಳ ಮದುವೆಗೆ ನಾನೂ ಪಕ್ಕದ ಅಂಗಡಿಯ ಪ್ರೇಮನಾಥನೂ ಹೋಗಿದ್ದೆವು. ನಮಿತಾಳಿಗೆ ಪರೀಕ್ಷೆಯ ವ್ಯಾಲ್ಯುವೇಶನ್ ಇತ್ತು. ಬಿರಿಯಾನಿ ಉಂಡು ಬಂದ ನಮ್ಮಿಬ್ಬರಿಗೂ ಜ್ವರ ಹಿಡಿಯಿತು, ಕಾಸರಗೋಡಿನಲ್ಲಿ ಪರೀಕ್ಷೆ ಮಾಡಿಸಿದರೆ ಕೊರೋನಾ. ನಮಿತಾ ನನ್ನನ್ನು ಮನೆಗೆ ಸೇರಿಸದೆ ಅಂಗಡಿಯ ಮೇಲಿನ ಕೋಣೆಗೆ ಅಟ್ಟಿದಳು. ಪ್ರೇಮನಾಥನನ್ನೂ ಗದರಿಸಿ ಅಲ್ಲಿಗೇ ತಂದು ಹಾಕಿದಳು. ಕೆಳಗಿನಿಂದ ಹಗ್ಗದಲ್ಲಿ ಗಂಜಿ ಏರಿಸುತ್ತಿದ್ದಳು. ಪ್ರಾಯವೂ ದಿನಾಂಕವೂ ತಾಳೆಯಾದವು. ಆ ಕೇರಳದ ಎರಡು ಸಾಲು ನಾವಿಬ್ಬರೇ. ತಿಂಗಳಿಡೀ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ ಅಪೂರ್ವ ವೈರಸ್ಸು ಅವಳ ಗಂಡನ ಮೂಗಿನದ್ದು.

ಉಳಿದದ್ದು ಅವಳಿಗೆ ಒಂದೇ ಉಸಿರಿನಲ್ಲಿ ಹೊಳೆಯಿತು. ಎಂಬತ್ತಮೂರರ ಹೆಂಗಸು ಹಸೈನಾರ್ ಕಾಕನ ತಾಯಿ ನಬೀಸುಮ್ಮ, ಕರ್ನಾಟಕದ ಉಳಿದ ನಾಲ್ಕೂ ಅದೇ ಮನೆಯವರದ್ದು. ಕುಂಜತ್ತೂರು ಕೇರಳದ್ದೇ, ಆದರೆ ಅಲ್ಲಿಯವರಿಗೆ ಕಾಯಿಲೆ ಬಂದರೆ ಓಡುವುದು ಗಡಿಯಾಚೆ ಮಂಗಳೂರಿಗೆ, ಅದೇ ಹತ್ತಿರ. ಆಸ್ಪತ್ರೆ ಎಲ್ಲಿಯದೋ ವೈರಸ್ಸೂ ಅಲ್ಲಿಯದೆಂದು ಬರೆಯುತ್ತಾರೆ. ಗಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ, ಪರದೆಯ ಮೇಲೆ ಎರಡು ರಾಜ್ಯ ಕಂಡ ಕೂಡಲೇ ನಂಬಿಬಿಟ್ಟಿದ್ದಳು.

ನಾನು ಹೇಳಿದೆ, ಹೆಸರಿಲ್ಲ, ಊರಿಲ್ಲ, ಯಾರಿಗೆ ಗೊತ್ತಾಗುತ್ತದೆ, ಸುಮ್ಮನೆ ಕಳಿಸು ಎಂದು. ಅವಳು ನನ್ನ ಮೇಲೆ ರೇಗಲೂ ಇಲ್ಲ. ಬಟ್ಟಲು ತೊಳೆದಿಟ್ಟು, ನಾಳೆ ಶಾಲೆಗೆ ರಜೆ ಉಂಟು, ಕುಂಜತ್ತೂರಿಗೆ ಹೋಗುವ ಎಂದಳು. ಒಂದು ದಾರಿ ಇನ್ನೂ ಇತ್ತು. ವೈರಸ್ ಆ ಮದುವೆಮನೆಯಿಂದ ಆಚೆ ಹೋಗಿ ಬೇರೆಯವರಿಗೂ ಹರಡಿದ್ದರೆ ಕವಲು ಕವಲೇ, ಪ್ರಸ್ತಾಪ ನಿಲ್ಲುತ್ತದೆ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವಳು ಕುಂಬಳೆ ದಾಟಿದ ಮೇಲೆ ಬಾಯಿಬಿಟ್ಟಳು. ಬ್ಯಾರಿಗಳಲ್ಲಿ ಮದುವೆ ಕಳೆದ ಮೇಲೆ ನೆಂಟರು ಒಬ್ಬೊಬ್ಬರಾಗಿ ಹೊಸ ಜೋಡಿಯನ್ನು ಮನೆಗೆ ಕರೆದು ತಕ್ಕಾರ ಮಾಡುತ್ತಾರೆ, ವಾರಗಟ್ಟಲೆ ಊಟವೇ ಊಟ. ಅಷ್ಟು ಮನೆಗೆ ಹೋಗಿದ್ದರೆ ಖಂಡಿತ ಹರಡಿರುತ್ತದೆ ಎಂದಳು.

"ಹರಡಿರ್ಲಿ ಅಂತ ನನ್ನ ಮನಸ್ಸು ಹೇಳ್ತಾ ಉಂಟು. ಎಂಥ ಹೆಂಗಸು ನಾನು?"

ನಾನು ಅವಳ ಕೈ ಹಿಡಿದುಕೊಂಡೆ. ಅವಳ ಮೇಲೆ ಅಷ್ಟು ಪ್ರೀತಿ ಬಂದದ್ದು ಎಷ್ಟೋ ದಿನದ ಮೇಲೆ. ಕಂಡಕ್ಟರ್ ನೋಡಿದ, ನೋಡಲಿ.

ಹಸೈನಾರ್ ಕಾಕ ಗೇಟಿನಲ್ಲೇ ನಿಂತಿದ್ದರು. ನಬೀಸುಮ್ಮ ಚಾವಡಿಯ ಕುರ್ಚಿಯಲ್ಲಿ ಕೂತು ನಮಿತಾಳನ್ನು ಹತ್ತಿರ ಕರೆದು ತಲೆ ಸವರಿದರು, ಮಂಗಳೂರಿನ ಆಸ್ಪತ್ರೆಯ ಗಂಜಿ ಎಷ್ಟು ಸಪ್ಪೆ ಎಂದು ದೂರಿದರು. ಎಣ್ಣೆಯಲ್ಲಿ ಕರಿದ ಬಿಸಿ ಬಾಳೆಹಣ್ಣಿನ ಪೋಡಿ ಬಂತು, ಚಹಾ ಬಂತು. ನಮಿತಾ ತಕ್ಕಾರದ ಮಾತೆತ್ತಿದಳು. ಎಷ್ಟು ಮನೆಗೆ ಹೋದರು ಮಕ್ಕಳು ಎಂದು ಕೇಳಿದಳು.

ಕಾಕನ ಮುಖ ಸಣ್ಣದಾಯಿತು. ಒಂದು ಮನೆಗೂ ಇಲ್ಲ ಎಂದರು. ಉಮ್ಮನಿಗೆ ಕೊರೋನಾ ಎಂದು ಗೊತ್ತಾದ ದಿನವೇ ಗೇಟಿಗೆ ಬೀಗ ಹಾಕಿದ್ದರಂತೆ. ಆಸ್ಪತ್ರೆಗೆ ಹೋಗಿ ಬರುವುದು ಬಿಟ್ಟರೆ ಯಾರೂ ಹೊರಗೆ ಕಾಲಿಡಲಿಲ್ಲ, ಯಾರನ್ನೂ ಒಳಗೆ ಬಿಡಲಿಲ್ಲ. ಹೆಣ್ಣಿನ ಮನೆಯಲ್ಲೇ ಉಳಿದಿದ್ದ ಮದುಮಗ ರಿಯಾಝ್ ಕೂಡ ಒಳಗೆ ಬಂದಿ. ಉಪ್ಪಳದ ಅವನ ಮನೆಯವರು ಮೂರು ಕಾರಿನಲ್ಲಿ ಕರೆಯಲು ಬಂದವರು ಗೇಟಿನಿಂದಲೇ ವಾಪಸು. ಈ ಕಾಲದಲ್ಲಿ ಕೊರೋನಾಕ್ಕೆ ಯಾರು ಹೆದರುತ್ತಾರೆ, ಮಗನನ್ನು ಮಾವ ಕೂಡಿಹಾಕಿದ, ಕರೆದವರ ಮುಖಕ್ಕೆ ಬಾಗಿಲು ಹಾಕಿದ ಎಂದು ಮಾತಾಯಿತು. ಬೀಗರು ಇವತ್ತಿಗೂ ಈ ಮನೆಗೆ ಬಂದಿಲ್ಲ.

ಯಾಕೆ ಅಷ್ಟು ಹಟ ಮಾಡಿದಿರಿ ಎಂದು ನಾನು ಕೇಳಬಾರದಿತ್ತು. ಉತ್ತರ ನನಗೆ ಗೊತ್ತಿತ್ತು. 2020ರ ಮಾರ್ಚಿನಲ್ಲಿ ಅವರು ದುಬೈಯಿಂದ ಜ್ವರ ಹೊತ್ತುಕೊಂಡೇ ಇಳಿದಿದ್ದರು. ಅವರ ಫೋಟೋ ವಾಟ್ಸಾಪಿನಲ್ಲಿ ಓಡಾಡಿತು. ಊರಿನಲ್ಲಿ ಯಾರಿಗೆ ಕೆಮ್ಮು ಬಂದರೂ ಹಸೈನಾರನದ್ದು ಎಂದರು. ತಿಂಗಳುಗಳು ಕಳೆದ ಮೇಲೆ ಪಕ್ಕದ ಮನೆಯ ಯಜಮಾನರು ಅದೇ ಕಾಯಿಲೆಯಲ್ಲಿ ತೀರಿಕೊಂಡರೂ ಜನ ಬೆರಳು ತೋರಿಸಿದ್ದು ಇದೇ ಗೇಟಿಗೆ. ಕಾಕ ಆ ಮನೆಯ ಮುಂದೆ ಹಾಯುವಾಗ ಈಗಲೂ ತಲೆ ತಗ್ಗಿಸಿ ನಡೆಯುತ್ತಾರೆ.

"ಆಗ ನನ್ನಿಂದ ಯಾರಿಗೆಲ್ಲ ಹೋಯ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ಟೀಚರೇ. ಈ ಸಲ ಅದು ಬೇಡ ಅಂತ ಬೀಗ ಹಾಕಿದ್ದು. ಸರಿಯಾಯ್ತಾ ತಪ್ಪಾಯ್ತಾ, ಅದೂ ಗೊತ್ತಿಲ್ಲ."

ನಮಿತಾ ಚಹಾದ ಲೋಟ ಕೆಳಗಿಟ್ಟಳು. ಅವಳ ಕವಲು ಅಲ್ಲಿಗೆ ಮುಗಿದಿತ್ತು, ಅದು ಅವಳ ಮುಖದಲ್ಲಿ ಕಂಡಿತು. ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಕಾಕನ ಪಕ್ಕ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಇದು ಮರ, ಇದು ಕೊಂಬೆ, ಈ ತುದಿಯ ಏಳು ಚುಕ್ಕೆಗಳಲ್ಲಿ ಐದು ಈ ಮನೆಯವು, ಎರಡು ಇವರದ್ದೂ ಪ್ರೇಮನಾಥಣ್ಣಂದೂ. ಮೇ ಕಳೆದು ಜೂನ್, ಜುಲೈ ಎರಡರಲ್ಲೂ ಕೇರಳದಿಂದಲೂ ಕರ್ನಾಟಕದಿಂದಲೂ ಬೇಕಾದಷ್ಟು ಬರಹ ಬಂದಿವೆ. ಈ ಎರಡು ಬದಲಾವಣೆ ಇರುವುದು ಒಂದೂ ಇಲ್ಲ. ಅಳಿಯನ ಉಪ್ಪಳಕ್ಕೆ ಹೋಗಿದ್ದರೆ ಇಲ್ಲೆಲ್ಲೋ ಕಾಣಬೇಕಿತ್ತು. ಎಲ್ಲರ ವೈರಸ್ಸನ್ನೂ ಓದಿಸುವುದಿಲ್ಲ, ಹಾಗಾಗಿ ನೂರಕ್ಕೆ ನೂರು ಎನ್ನಲಾರೆ, ಆದರೆ ಗೊತ್ತಿರುವಷ್ಟರಲ್ಲಿ, ಬೀಗ ಹಾಕಿದ ಮೇಲೆ ಇದು ನಿಮ್ಮ ಗೇಟು ದಾಟಿಲ್ಲ ಎಂದಳು.

ಕಾಕ ಪರದೆಯನ್ನು ನೋಡುತ್ತಲೇ ಇದ್ದರು. ಆ ವರ್ಷದ್ದೂ ಹೀಗೆ ನೋಡಬಹುದಾ ಎಂದು ಕೇಳಿದರು. ಆಗ ನಮ್ಮ ಕಡೆಯದ್ದನ್ನು ಓದಿಸಿದ್ದೇ ತೀರ ಕಡಿಮೆ, ನಿಮ್ಮಿಂದ ಹೋಯಿತು ಎಂದು ಹೇಳಲು ಯಾರ ಹತ್ತಿರವೂ ಏನೂ ಇಲ್ಲ ಎಂದಳು ನಮಿತಾ. ಇಲ್ಲವೆಂದು ಹೇಳಲೂ ಇಲ್ಲ ಎಂಬುದನ್ನು ಅವರೇ ಅರ್ಥ ಮಾಡಿಕೊಂಡು ತಲೆಯಾಡಿಸಿದರು.

ಪ್ರಸ್ತಾಪ ಹಿಂತೆಗೆದುಕೊಳ್ಳಬೇಕು, ಕಾರಣ ಬರೆಯಬೇಕು, ಒಂದು ಸಮಾರಂಭ ಎಂದು ಬರೆಯಲು ನಿಮ್ಮ ಒಪ್ಪಿಗೆ ಬೇಕು ಎಂದಳು. ಕಾಕ ಊರಿನ ಹೆಸರು ಬರುತ್ತದಾ ಎಂದು ವಿಚಾರಿಸಿದರು. ಬರುವುದಿಲ್ಲ, ಮದುವೆ ಎಂಬ ಮಾತೂ ಬರುವುದಿಲ್ಲ ಎಂದಳು. ಹಾಗಾದರೆ ಬರೆಯಿರಿ ಎಂದರು. ಅವಳು ಅಲ್ಲೇ ಕೂತು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಅಷ್ಟು ಆಸೆಪಟ್ಟದ್ದನ್ನು ತನ್ನ ಕೈಯಿಂದಲೇ ಮುಚ್ಚುವಾಗ ಅವಳ ಬೆರಳು ಎಲ್ಲೂ ತಡೆಯಲಿಲ್ಲ. ಗಂಡನೆಂಬ ಹೆಮ್ಮೆ ನನಗೆ ಆವತ್ತು ಆದಷ್ಟು ಯಾವತ್ತೂ ಆಗಿಲ್ಲ, ಅವಳ ಕವಲಿಗೆ ಹೆಸರು ಸಿಕ್ಕಿದ್ದರೂ ಆಗುತ್ತಿರಲಿಲ್ಲ.

ಎಂತ ಬರೆದದ್ದು ಎಂದು ನಬೀಸುಮ್ಮ ಕೇಳಿದರು. ನಮಿತಾ ಕನ್ನಡದಲ್ಲಿ ಓದಿದಳು.

"ಈ ಏಳೂ ಒಂದೇ ಸಮಾರಂಭದವು. ಅಲ್ಲಿಯವರು ಕೂಡಲೇ ಪ್ರತ್ಯೇಕವಾಗಿ ಉಳಿದರು. ಅವರಿಂದ ಬೇರೆ ಯಾರಿಗೂ ಹರಡಿದ್ದು ಕಂಡುಬಂದಿಲ್ಲ. ಕವಲು ಅಲ್ಲಿಗೇ ನಿಂತಿದೆ, ಹೆಸರಿನ ಅಗತ್ಯವಿಲ್ಲ."

ಹಸೈನಾರ್ ಕಾಕ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಣ್ಣು ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

"ಇನ್ನೊಮ್ಮೆ ಓದಿ ಟೀಚರೇ. ಆ ಮೂರನೇ ಸಾಲು."