ಮಸ್ತಾನ್ ಸಾಬರ ಗುಂಡು

ನಾನು ಒಂದು ಗುಂಡು. ಹೆದರಬೇಡಿ, ಬಂದೂಕಿನದಲ್ಲ. ನಿಂಬೆಹಣ್ಣಿನಷ್ಟು ದಪ್ಪದ, ಹಾಲೆ ಮರದ ಗುಂಡು. ಹುಟ್ಟಿದ್ದು ಚನ್ನಪಟ್ಟಣದ ಬೊಂಬೆ ಮಾಡುವವರ ಬೀದಿಯಲ್ಲಿ, ಮಸ್ತಾನ್ ಸಾಬರ ಲೇತಿನ ಮೇಲೆ.

ಅಸಲಿಗೆ ನಾನು ಮದುಮಗಳ ಬೊಂಬೆಯ ತಲೆಯಾಗಬೇಕಿತ್ತು. ಸಾಬರು ಉಳಿ ಹಿಡಿದು ನನ್ನನ್ನು ದುಂಡಗೆ ಮಾಡಿದರು. ಅರಗಿನ ಕಡ್ಡಿ ಒತ್ತಿ ಮೈಗೆಲ್ಲ ಹಳದಿ ಏರಿಸಿದರು, ನೆತ್ತಿಗೆ ಒಂದು ಕೆಂಪು ಪಟ್ಟೆ ಎಳೆದರು, ಕೇದಗೆ ಎಲೆಯಿಂದ ತೀಡಿ ಹೊಳಪು ಕೊಟ್ಟರು. ಕಣ್ಣು ಬರೆಯುವುದೊಂದು ಬಾಕಿ. ಕುಂಚ ಕೈಗೆ ತೆಗೆದುಕೊಂಡಿದ್ದರು ಕಣ್ರೀ! ಅಷ್ಟರಲ್ಲಿ ಬಾಗಿಲಲ್ಲಿ ಮರಿಸ್ವಾಮಿ ಬಂದು ನಿಂತ. ಅವನು ಒಂದು ಅರ್ಧ ಗಂಟೆ ತಡವಾಗಿ ಬಂದಿದ್ದರೆ ನನ್ನ ಹಣೆಬರಹವೇ ಬೇರೆ ಇರುತ್ತಿತ್ತು.

ಮರಿಸ್ವಾಮಿ ಬಸ್ ನಿಲ್ದಾಣದ ಹಿಂದೆ 'ಶ್ರೀ ಮಂಚಮ್ಮದೇವಿ ವಿಡಿಯೋ ಗೇಮ್ಸ್' ನಡೆಸುತ್ತಿದ್ದ. ಅಲ್ಲಿದ್ದದ್ದು ಒಂದೇ ಒಂದು ಯಂತ್ರ, ಬೀರುವಿನಷ್ಟು ಎತ್ತರದ್ದು. ಅದರಲ್ಲಿ ಹಳೇ ಕಾಲದ ಜಪಾನಿನ ಕತ್ತಿವೀರರು ಇಬ್ಬಿಬ್ಬರಾಗಿ ಹೊಡೆದಾಡುತ್ತಿದ್ದರು. ಆಟದ ಹೆಸರು ಜಪಾನಿ ಅಕ್ಷರದಲ್ಲಿತ್ತು, ಓದುವವರು ಯಾರು? ಊರಿನವರು 'ಕತ್ತಿ ಆಟ' ಅಂದರು, ಅದೇ ಹೆಸರಾಯಿತು.

"ಸಾಬ್ರೇ, ಎರಡು ಜಾಯ್‌ಸ್ಟಿಕ್ಕಲ್ಲಿ ಒಂದರ ಪ್ಲಾಸ್ಟಿಕ್ ಗುಂಡು ಮೂರನೇ ಸಲ ಸೀಳೋಯ್ತು. ನಿಮ್ಮ ಕೈಲಿ ಏನಾದ್ರೂ ಆಯ್ತದಾ?" ಅಂದ ಮರಿಸ್ವಾಮಿ.

"ಈ ಅರಗಿನ ಕೆಲ್ಸಾನ ನಮ್ಮ ಹಿರೀಕರು ಜಪಾನಿನೋರನ್ನ ನೋಡಿ ಒಂದಷ್ಟು ಕಲ್ತರು ಅಂತ ನಮ್ಮ ತಾತ ಹೇಳೋರು. ಅವರ ಯಂತ್ರ ಕೆಟ್ರೆ ನಾವು ನೋಡ್ದೆ ಇನ್ಯಾರು ನೋಡ್ಬೇಕು?" ಅನ್ನುತ್ತ ಸಾಬರು ಕುಂಚ ಇಟ್ಟು, ಕೈಗೆ ಸಿಕ್ಕ ನನ್ನನ್ನೇ ಎತ್ತಿಕೊಂಡರು. ಕತ್ತಿನ ಜಾಗದಲ್ಲಿ ತೂತು ಕೊರೆದು, ಒಳಗೆ ಹಿತ್ತಾಳೆ ನಟ್ಟು ಕೂರಿಸಿದರು. "ಏಳು ಸುತ್ತು ತಿರುಗಿಸಿದ್ರೆ ಕೂರ್ತದೆ, ಏಳು ಸುತ್ತು ಉಲ್ಟಾ ತಿರುಗಿಸಿದ್ರೇನೇ ಬರೋದು. ಇದು ತಾನಾಗಿ ಕಳಚಿ ಬಂತು ಅಂದ್ರೆ ನನ್ನ ಹೆಸರು ಮಸ್ತಾನ್ ಅಲ್ಲ."

ಆ ಮಾತನ್ನು ನೆನಪಿಡಿ. ನನ್ನ ಬದುಕೆಲ್ಲ ಸುತ್ತಿದ್ದು ಅದರ ಸುತ್ತಲೇ.

ಹೀಗೆ ನಾನು ಕಣ್ಣಿಲ್ಲದೆ ಯುದ್ಧಕ್ಕೆ ಹೋದೆ. ಕಿವಿ ಮಾತ್ರ ಎಲ್ಲಿಂದ ಬಂತು ಅಂತ ಕೇಳಬೇಡಿ, ಮರಕ್ಕೆ ಮೈಯೆಲ್ಲ ಕಿವಿ. ಮುಂದಿನ ಪರದೆಯ ಮೇಲೆ ಏನು ನಡೆಯುತ್ತದೋ ನನಗೆ ಕಾಣದು. ನನ್ನ ಮೇಲೆ ಕೂರುವ ಅಂಗೈಯಿಂದ, ಸುತ್ತ ನಿಂತವರ ಕೂಗಿನಿಂದಲೇ ಎಲ್ಲ ತಿಳಿಯಬೇಕು. ಗೆಲ್ಲುವ ಅಂಗೈ ಬೆಚ್ಚಗಿರುತ್ತದೆ, ಸೋಲುವ ಅಂಗೈ ಒದ್ದೆಯಾಗುತ್ತದೆ. ಬಸ್ ಕಂಡಕ್ಟರ್ ಕೈ ಬಂದರೆ ನಾಣ್ಯದ ವಾಸನೆ, ಹೋಟೆಲ್ ಭಟ್ಟರ ಕೈ ಬಂದರೆ ಬೋಂಡದ ಎಣ್ಣೆ. ಶುಕ್ರವಾರ ನಮಾಜು ಮುಗಿಸಿ ಮಸ್ತಾನ್ ಸಾಬರೂ ಬರುತ್ತಿದ್ದರು. "ಗುಂಡು ಸರಿ ಐತಾ ನೋಡ್ಕೊಂಡು ಹೋಗಣ ಅಂತ ಬಂದೆ" ಎಂದು ಹೇಳಿ ನೋಡಲು ಶುರುಮಾಡಿದರೆ ಒಂದು ಗಂಟೆ ನೋಡುತ್ತಿದ್ದರು. ಅಂಥಾ ಕಟ್ಟುನಿಟ್ಟಿನ ತಪಾಸಣೆ!

ಕತ್ತಿವೀರರ ಜಪಾನಿ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಜುಟ್ಟು ಕಟ್ಟಿದವನು ಜುಟ್ಟಪ್ಪ. ಕುಡಿದು ತೂರಾಡುತ್ತ ಹೊಡೆಯುವವನು ಹೂಜಿ ಮಾವ. ಕೊಡೆಯೊಳಗೆ ಕತ್ತಿ ಬಚ್ಚಿಟ್ಟುಕೊಂಡವಳು ಕೊಡೆ ಅಕ್ಕ. ಈ ಆಟಕ್ಕೆ ಕೊನೆ ಅಂತ ಇರಲಿಲ್ಲ. ಒಂದನೇ ಭಾಗ ಹಳತಾದರೆ ಎರಡನೇದು, ಅದಾದ ಮೇಲೆ ಮೂರು. ಮರಿಸ್ವಾಮಿ ಯಂತ್ರದ ಹೊಟ್ಟೆಯೊಳಗಿನ ಬೋರ್ಡು ಬದಲಾಯಿಸಿದರೆ ಯುದ್ಧ ಬದಲಾಗುತ್ತಿತ್ತು, ಮೇಲಿನ ನಾನು ಅದೇ.

ಅಂಗಡಿಯಲ್ಲಿ ಯಾರಿಂದಲೂ ಸೋಲದವಳು ಮರಿಸ್ವಾಮಿಯ ಹೆಂಡತಿ ಚಿಕ್ಕತಾಯಮ್ಮ. ಮದುವೆಗೆ ಮುಂಚೆ ರೇಷ್ಮೆ ನೂಲು ಬಿಚ್ಚುವ ಕೆಲಸ ಅವಳದು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳಿಗೆ ಜಪಾನಿನ ಕತ್ತಿ ಯಾವ ಲೆಕ್ಕ? ಯಾವಾಗಲೂ ಕೊಡೆ ಅಕ್ಕನನ್ನೇ ಆರಿಸಿಕೊಂಡು, ಎದುರಿಗಿದ್ದವರನ್ನು ಹಿಟ್ಟು ಮಾಡಿ, "ಮುಂದಿನೋರು ಬನ್ರಪ್ಪಾ" ಅನ್ನುತ್ತಿದ್ದಳು.

ಒಂದು ದಿನ ಅಂಗಡಿಗೆ ಆರಾಧ್ಯ ಮೇಷ್ಟ್ರು ನುಗ್ಗಿದರು. ಹೈಸ್ಕೂಲಿನ ಚರಿತ್ರೆ ಮೇಷ್ಟ್ರು, ಕೈಯಲ್ಲಿ ಒಂದು ಕಟ್ಟು ಉತ್ತರಪತ್ರಿಕೆ.

"ಜಪಾನನ್ನು ಆಳಿದವರು ಯಾರು ಅಂತ ಕೇಳಿದ್ರೆ ಹನ್ನೊಂದು ಜನ ಬರೆದಿದ್ದಾರೆ: 'ಕೊಡೆ ಅಕ್ಕ'! ಇಲ್ಲೊಬ್ಬ ವಿವರಣೆ ಬೇರೆ ಕೊಟ್ಟಿದ್ದಾನೆ: 'ಅವಳನ್ನು ಸೋಲಿಸಲು ಎರಡು ಸಲ ಕೆಳಗೆ, ಒಂದು ಸಲ ಮುಂದೆ.' ಇದಕ್ಕೆ ನಾನು ಎಷ್ಟು ಅಂಕ ಕೊಡ್ಲಿ, ನೀವೇ ಹೇಳಿ!"

ಚಿಕ್ಕತಾಯಮ್ಮ ಪತ್ರಿಕೆ ಇಸ್ಕೊಂಡು ನೋಡಿದಳು. "ಪೂರ್ತಿ ಕೊಡ್ಬೇಡಿ ಮೇಷ್ಟ್ರೇ. ಕೊನೇಲಿ ಗುಂಡಿ ಒತ್ತೋದು ಬರ್ದೇ ಇಲ್ಲ."

ಮೇಷ್ಟ್ರು ಕೆಂಡವಾದರು. ಅಂಗಡಿ ಮುಚ್ಚಿಸಿ ಎಂದು ಪುರಸಭೆಗೆ ಅರ್ಜಿ ಬರೆದರು, ತಂದೆತಾಯಿಯರ ಸಹಿ ಹಾಕಿಸಿದರು. ಮರಿಸ್ವಾಮಿ ಹೆದರಿ ಕಾಲಿಗೆ ಬೀಳಲು ಹೊರಟ. ಚಿಕ್ಕತಾಯಮ್ಮ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಆಡಿ ನೋಡ್ದೇನೆ ಕೆಟ್ಟದ್ದು ಅಂತೀರಲ್ಲ ಮೇಷ್ಟ್ರೇ? ಒಂದು ತಿಂಗಳು ಕಲೀರಿ. ಆಮೇಲೆ ನನ್ನ ಗೆಲ್ಲಿ. ಗೆದ್ರೆ ನಾವೇ ಬಾಗ್ಲು ಹಾಕ್ತೀವಿ. ಸೋತ್ರೆ ಅರ್ಜಿ ಹರೀರಿ."

ಮೇಷ್ಟ್ರಿಗೆ ರೋಷ ಬಂತು, ಒಪ್ಪಿಬಿಟ್ಟರು.

ಮಾರನೇ ಭಾನುವಾರವೇ ಅವರ ಅಂಗೈ ಮೊದಲ ಸಲ ನನ್ನ ಮೇಲೆ ಬಂತು. ಅಯ್ಯೋ, ಎಂಥಾ ಅಂಗೈ ಅದು! ಸೀಮೆಸುಣ್ಣದ ಪುಡಿಯಿಂದ ಒಣಗಿ, ಹಿಟ್ಟು ಮುಟ್ಟಿದ ಹಾಗೆ ನುಣುಪು. ನನ್ನನ್ನು ಅಷ್ಟು ಮೆಲ್ಲಗೆ ಹಿಡಿದವರು ಇನ್ಯಾರೂ ಇಲ್ಲ. ಮೊದಲ ವಾರ ಹೂಜಿ ಮಾವನೂ ಅವರನ್ನು ಕೆಡವಿದ. ಎರಡನೇ ವಾರ "ಥೂ ಇವನ" ಎಂದು ಮೇಷ್ಟ್ರ ಬಾಯಲ್ಲಿ ಬಂದೇ ಬಂತು. ಮೂರನೇ ವಾರ ಗೆದ್ದಾಗ ಒಬ್ಬರೇ ಮುಸಿಮುಸಿ ನಕ್ಕರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಹಾಗೆ ವಾರವಿಡೀ ತರಗತಿಯಲ್ಲಿ ಕತ್ತಿ ಆಟವನ್ನು ಬೈದು, ಭಾನುವಾರ ನನ್ನ ಹತ್ತಿರ ಓಡಿ ಬರುತ್ತಿದ್ದರು.

ಪಂದ್ಯದ ದಿನ ಊರೆಲ್ಲ ಅಂಗಡಿಯಲ್ಲಿತ್ತು, ಬೀದಿಯಲ್ಲೂ ಇತ್ತು. ಮಸ್ತಾನ್ ಸಾಬರು ಬಾಗಿಲ ಹತ್ತಿರ ನಿಂತಿದ್ದರು. ಮೊದಲ ಸುತ್ತು ಚಿಕ್ಕತಾಯಮ್ಮನಿಗೆ, ಎರಡನೇದು ಮೇಷ್ಟ್ರಿಗೆ. ಮೂರನೇದರಲ್ಲಿ ಮೇಷ್ಟ್ರ ಜುಟ್ಟಪ್ಪ ಕೊಡೆ ಅಕ್ಕನನ್ನು ಮೂಲೆಗೆ ತಳ್ಳಿದ. "ಒಂದೇ ಏಟು! ಇನ್ನೊಂದೇ ಏಟು!" ಎಂದು ಕಂಡಕ್ಟರ್ ಕಿರುಚಿದ.

ಆಗ ಎಂದೂ ಬೆವರದ ಆ ಅಂಗೈ ಬೆವರಿತು. ಗೆಲ್ಲುವ ಕೈ ಯಾಕೆ ಒದ್ದೆಯಾಯಿತು ಎಂದು ನನಗೆ ತಿಳಿಯಲಿಲ್ಲ. ಬೆರಳು ನನ್ನನ್ನು ಬಿಗಿಯಾಗಿ ಹಿಡಿದವು. ಆಮೇಲೆ ಮೆಲ್ಲಗೆ ತಿರುಗಿಸಿದವು. ಒಂದು ಸುತ್ತು. ಎರಡು. ಜುಟ್ಟಪ್ಪ ಕತ್ತಿ ಎತ್ತಿಕೊಂಡು ಕಂಬದ ಹಾಗೆ ನಿಂತುಬಿಟ್ಟ. "ಮೇಷ್ಟ್ರು ಏನೋ ದೊಡ್ಡ ಏಟೇ ತೆಗೀತಾವ್ರೆ" ಎಂದು ಜನ ಉಸಿರು ಹಿಡಿದರು. ಚಿಕ್ಕತಾಯಮ್ಮನೂ ಹೆದರಿ ಹಿಂದೆ ಸರಿದಳು. ಐದು. ಆರು. ಏಳು.

"ಅಯ್ಯಯ್ಯೋ! ಗುಂಡು ಕಿತ್ಕೊಂಡು ಕೈಗೇ ಬಂತಲ್ರಪ್ಪಾ!" ಎಂದು ಮೇಷ್ಟ್ರು ನನ್ನನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಕೊಡೆ ಅಕ್ಕ ಬಂದು ಜುಟ್ಟಪ್ಪನನ್ನು ಎರಡು ಹೋಳು ಮಾಡಿದಳು.

ಅರ್ಜಿ ಹರಿಯಿತು, ಅಂಗಡಿ ಉಳಿಯಿತು. ಮರಿಸ್ವಾಮಿ ಎಲ್ಲರಿಗೂ ಟೀ ಕೊಡಿಸಿದ. ಹಾಳಾದದ್ದು ಒಂದೇ, ಮಸ್ತಾನ್ ಸಾಬರ ಹೆಸರು. "ಏನು ಸಾಬ್ರೇ, ತಾನಾಗಿ ಕಳಚಲ್ಲ ಅಂದಿದ್ರಿ? ಇನ್ಮೇಲೆ ನಿಮ್ಮನ್ನ ಏನಂತ ಕರೀಬೇಕು?" ಎಂದು ಭಟ್ಟರು ನಕ್ಕರು, ಊರೂ ನಕ್ಕಿತು. ಸಾಬರು ನನ್ನನ್ನು ಮೇಷ್ಟ್ರ ಕೈಯಿಂದ ತೆಗೆದುಕೊಂಡರು. ಒಳಗಿನ ನಟ್ಟಿಗೆ ಬೆರಳಿಟ್ಟು ನೋಡಿದರು. ಮತ್ತೆ ಜಾಯ್‌ಸ್ಟಿಕ್ಕಿನ ಕಡ್ಡಿಗೆ ತಿರುಗಿಸಿ ಕೂರಿಸುವಾಗ ತುಟಿಯೊಳಗೇ ಎಣಿಸಿದರು, ಏಳರ ತನಕ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವರು ಟೀ ಕೂಡ ಕುಡಿಯದೆ ಹೊರಟುಹೋದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂದಿನಿಂದ ಊರಿನಲ್ಲಿ ಬಸ್ ಕೆಟ್ಟು ನಿಂತರೆ "ಮಸ್ತಾನ್ ಸಾಬ್ರ ಗುಂಡು" ಅಂದರು. ನೋಡಿ ಹೋದ ಗಂಡು ಮತ್ತೆ ಬಾರದಿದ್ದರೂ "ಮಸ್ತಾನ್ ಸಾಬ್ರ ಗುಂಡು" ಅಂದರು. ಒಬ್ಬ ವ್ಯಾಪಾರಿ ಸಾಬರು ಮಾಡಿದ ನೂರು ಗಿಲಕಿಗಳನ್ನು ಒಂದೊಂದಾಗಿ ಜಗ್ಗಿ ನೋಡಿಯೇ ಒಯ್ದನಂತೆ. ಸಾಬರು ಶುಕ್ರವಾರ ಬರುತ್ತಿದ್ದರು, ಆದರೆ ಅಂಗೈ ತಣ್ಣಗಿರುತ್ತಿತ್ತು. ಮೇಷ್ಟ್ರು ಭಾನುವಾರ ಬರುತ್ತಿದ್ದರು, "ಹುಡುಗರು ಬಂದಿದ್ದಾರಾ ನೋಡೋಕೆ". ಇಬ್ಬರೂ ಎದುರಾಗದ ಹಾಗೆ ಮೇಷ್ಟ್ರು ನೋಡಿಕೊಳ್ಳುತ್ತಿದ್ದರು. ನನಗೆ ಬಾಯಿ ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ. ಕಣ್ಣೇ ಬರೆಯದವರು ಬಾಯಿ ಎಲ್ಲಿ ಬರೆದಾರು?

ನಾಲ್ಕನೇ ಭಾಗ ಬಂತು, ಐದನೇದೂ ಬಂತು. ಆಮೇಲೆ ಆಟವೆಲ್ಲ ಜನರ ಮನೆಗೆ, ಜೇಬಿಗೆ ಹೋಯಿತು. ಯಾರೂ ಅರ್ಜಿ ಹಾಕದೆಯೇ ಅಂಗಡಿ ಮುಚ್ಚಿತು. ಯಂತ್ರ ಗುಜರಿಗೆ ಬಿತ್ತು. ಗುಜರಿಯವನ ಹೆಂಡತಿ ನನ್ನನ್ನು ಬಿಚ್ಚಿ ಅನ್ನದ ತಪ್ಪಲೆಯ ಮುಚ್ಚಳಕ್ಕೆ ಹಾಕಿದಳು. ಜಪಾನಿನ ಯುದ್ಧ ನಡೆಸಿದವನಿಗೆ ಅಕ್ಕಿ ಬೆಂದಿದೆಯೋ ಇಲ್ಲವೋ ನೋಡುವ ಕೆಲಸ! ಹಬೆಗೆ ನನ್ನ ಹಳದಿ ಮಂಕಾಯಿತು.

ಹಳೇ ಪೇಪರು ಹಾಕಲು ಬಂದ ನಿವೃತ್ತ ಆರಾಧ್ಯ ಮೇಷ್ಟ್ರು ಒಂದು ದಿನ ನನ್ನನ್ನು ಮುಟ್ಟಿ ಗುರುತು ಹಿಡಿದರು. ಪೇಪರಿಗೆ ದುಡ್ಡು ಬೇಡ, ಮುಚ್ಚಳದ ಗುಂಡು ಕೊಡಿ ಅಂದರು. ಗುಜರಿಯವನು ಹೆಂಡತಿಯನ್ನು ಒಂದು ಮಾತು ಕೇಳಿ ಬಿಚ್ಚಿ ಕೊಟ್ಟ. ಮೇಷ್ಟ್ರು ನನ್ನನ್ನು ತಮ್ಮ ಊರುಗೋಲಿನ ಮೇಲ್ತುದಿಗೆ, ಹಿಡಿಯಾಗಿ, ಕೂರಿಸಿಕೊಂಡರು. ಅದೇ ಅಂಗೈ. ಸೀಮೆಸುಣ್ಣ ಹೋಗಿ ವಿಭೂತಿಯ ವಾಸನೆ ಬಂದಿತ್ತು. ಊರೆಲ್ಲ ಸುತ್ತುತ್ತಿದ್ದೆವು, ಬೊಂಬೆ ಬೀದಿ ಒಂದನ್ನು ಬಿಟ್ಟು. ಅದು ಹತ್ತಿರ ಬಂದರೆ ಹೆಬ್ಬೆರಳು ನನ್ನ ನೆತ್ತಿಯನ್ನು ಉಜ್ಜುತ್ತಿತ್ತು, ಕೋಲು ಪಕ್ಕದ ಬೀದಿಗೆ ತಿರುಗುತ್ತಿತ್ತು.

ಮೊನ್ನೆ ಅವರ ಮೊಮ್ಮಗಳು ಪೆನ್ಸಿಲ್ ಕೆತ್ತುತ್ತಿದ್ದಳು. ಮೊನೆ ಮುರಿಯಿತು. "ಛೇ, ಮಸ್ತಾನ್ ಸಾಬ್ರ ಗುಂಡು" ಅಂದಳು.

"ಯಾರು ಪುಟ್ಟಾ ಮಸ್ತಾನ್ ಸಾಬ್ರು ಅಂದ್ರೆ?" ಎಂದು ಮೇಷ್ಟ್ರು ಕೇಳಿದರು.

"ಯಾರೂ ಅಲ್ಲ ತಾತ. ಕೆಟ್ಟೋದ್ರೆ ಹಂಗಂತಾರೆ."

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿದರು. ಕೋಲು ನೆಟ್ಟಗೆ ಬೊಂಬೆ ಬೀದಿಗೆ ನಡೆಯಿತು. ಆ ಅರಗಿನ ವಾಸನೆ ಮೂಗಿಗೆ ಬಡಿದಾಗ, ಮೂಗಿಲ್ಲದಿದ್ದರೂ, ನನಗೆ ಅಳು ಬಂತು.

"ಸಾಬ್ರೇ, ಆವತ್ತು ಗುಂಡು ಕಳಚಿರ್ಲಿಲ್ಲ. ನಾನೇ ಬಿಚ್ಚಿದ್ದು" ಅಂದರು ಮೇಷ್ಟ್ರು ಬಾಗಿಲಲ್ಲೇ ನಿಂತು.

ಮಸ್ತಾನ್ ಸಾಬರ ಲೇತು ನಿಂತಿತು. "ಗೊತ್ತು. ಆವತ್ತೇ ಗೊತ್ತಿತ್ತು. ಏಳು ಸುತ್ತು ತಿರುಗಿಸ್ದೆ ಅದು ಬರಲ್ಲ. ಕೂತ್ಕೊಳ್ಳಿ ಮೇಷ್ಟ್ರೇ."

"ಒಂದೇ ಏಟು ಬಾಕಿ ಇತ್ತು. ಗೆದ್ದಿದ್ರೆ ಅಂಗಡಿ ಮುಚ್ತಿತ್ತು. ಮುಂದಿನ ಭಾನುವಾರ ನಾನು ಎಲ್ಲಿಗೆ ಹೋಗ್ಲಿ? ಅದಕ್ಕೆ ಬಿಚ್ಚಿದೆ. ಗೊತ್ತಿದ್ದೂ ನೀವ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪಂದ್ಯ ಮತ್ತೆ ಆಡಿಸ್ತಿದ್ರು, ನೀವು ಗೆಲ್ತಿದ್ರಿ, ಅಂಗಡಿ ಮುಚ್ತಿತ್ತು. ಶುಕ್ರವಾರ ನಾನು ಎಲ್ಲಿಗೆ ಹೋಗ್ಲಿ ಮೇಷ್ಟ್ರೇ?"

ಇಬ್ಬರೂ ನಕ್ಕರು, ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಸಾಬರ ದನಿ ಸಣ್ಣದಾಯಿತು. "ಆದ್ರೆ ತುಂಬಾ ನೊಂದ್ಕೊಂಡೆ. ನನ್ನ ಕೆಲ್ಸಕ್ಕೆ ಯಾರೂ ಒಂದು ಮಾತು ಅಂದಿರ್ಲಿಲ್ಲ. ಹೇಳೋದಿದ್ರೆ ನನಗಲ್ಲ, ಬೀದಿಗೆ ಹೇಳಿ."

ಮೇಷ್ಟ್ರು ಬೀದಿಗೆ ಇಳಿದರು. ನನ್ನನ್ನು ತಲೆಯ ಮೇಲೆತ್ತಿ, ಹಿಂದೆ ತರಗತಿಯಲ್ಲಿ ಕೂಗುತ್ತಿದ್ದ ದನಿಯಲ್ಲೇ ಕೂಗಿದರು: "ಕೇಳ್ರಪ್ಪಾ! ಮಸ್ತಾನ್ ಸಾಬ್ರ ಗುಂಡು ತಾನಾಗಿ ಕಳಚಿರ್ಲಿಲ್ಲ! ಸುಳ್ಳು ಹೇಳಿದ್ದು ನಾನು, ಶ್ರೀಕಂಠಾರಾಧ್ಯ!"

ಲೇತುಗಳು ಒಂದೊಂದಾಗಿ ನಿಂತವು. ಎದುರು ಅಂಗಡಿಯ ಹೊಸ ಸೊಸೆಯ ದನಿ ಕೇಳಿತು. "ಅಯ್ಯೋ ಶಿವನೇ, ಮಸ್ತಾನ್ ಸಾಬ್ರು ಅಂತ ನಿಜವಾಗ್ಲೂ ಒಬ್ರು ಇದ್ದಾರಾ? ನಮ್ಮ ಸಾಬ್ರೇನಾ?"

"ನಾನೇ ಕಣಮ್ಮಾ" ಅಂದರು ಸಾಬರು, ಬೀದಿಗೆಲ್ಲ ಕೇಳುವ ಹಾಗೆ.

ಒಳಗೆ ಬಂದು ನನ್ನನ್ನು ಕೋಲಿನಿಂದ ಬಿಚ್ಚಿದರು, ಏಳು ಸುತ್ತು ಎಣಿಸಿ, ಗಟ್ಟಿಯಾಗಿ. "ಇದರದ್ದು ಒಂದು ಕೆಲ್ಸ ಬಾಕಿ ಉಳಿದಿತ್ತು" ಎಂದು ಸಣ್ಣ ಕುಂಚ ತೆಗೆದರು. ಎರಡು ಕಣ್ಣು ಬರೆದರು, ಒಂದು ಸ್ವಲ್ಪ ಮೇಲಾಯಿತು.

ನಾನು ನೋಡಿದೆ. ಮಸ್ತಾನ್ ಸಾಬರ ಗಡ್ಡವೆಲ್ಲ ಬೆಳ್ಳಗಾಗಿತ್ತು. ಮೇಷ್ಟ್ರು ಇಷ್ಟು ಕುಳ್ಳಗಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಪಕ್ಕದ ಕೋಣೆಯ ಟಿವಿಯಲ್ಲಿ ಸಾಬರ ಮೊಮ್ಮಗಳು ಕತ್ತಿ ಆಟದ ಹೊಸ ಭಾಗ ಆಡುತ್ತಿದ್ದಳು. ಕೊಡೆ ಬಿಚ್ಚಿಕೊಂಡು ಬಂದವಳನ್ನು ಕಂಡೆ. ಎಷ್ಟು ಕಾಲ ಎಷ್ಟು ಜನರ ಅಂಗೈ ಕೆಳಗೆ ಕೂತು ಅವಳನ್ನು ಕುಣಿಸಿದೆನೋ, ಮುಖ ನೋಡಿದ್ದು ಅವತ್ತೇ. ಚೆನ್ನಾಗಿದ್ದಾಳೆ.

ಬಣ್ಣ ಒಣಗಿದ ಮೇಲೆ ಸಾಬರು ನನ್ನನ್ನು ಮತ್ತೆ ಕೋಲಿಗೆ ಕೂರಿಸಿದರು. "ಬರೋ ಶುಕ್ರವಾರ ಬನ್ನಿ ಮೇಷ್ಟ್ರೇ, ಗುಂಡು ಸರಿ ಐತಾ ನೋಡ್ತೀನಿ" ಅಂದರು. ಮೇಷ್ಟ್ರು ಏಳಲು ಕೋಲು ಊರಿದರು. ಅಂಗೈ ನನ್ನ ಹೊಸ ಕಣ್ಣುಗಳ ಮೇಲೆ ಬಂತು, ಮತ್ತೆ ಏನೂ ಕಾಣಲಿಲ್ಲ. ಇರಲಿ ಬಿಡಿ. ಅಂಗೈ ಬೆಚ್ಚಗಿತ್ತು.