ಸಂಪಾಜೆ ಘಾಟಿಯ ಬಿಸಿಗಾಳಿ

ಆಂಬ್ಯುಲೆನ್ಸನ್ನು ಹಿಮ್ಮುಖವಾಗಿ ತಂದು ಅಂಗಳದ ಅಂಚಿಗೆ ಸರಿಯಾಗಿ ನಿಲ್ಲಿಸಿದ ಅಪ್ಪಿ, ಇಳಿದು ಹಿಂಬಾಗಿಲು ತೆರೆದಳು. ಬೆಳ್ಳೂರಿನ ಆ ಮನೆಯ ಜಗಲಿಯಲ್ಲಿ ಸೌದಾಮಿನಿ ಟೀಚರನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಸುತ್ತಮುತ್ತಲಿನ ಹೆಂಗಸರಿಗೆ ಡ್ರೈವಿಂಗ್ ಕಲಿಸಿದ ಟೀಚರು. ಹಿಂದಿನ ದಿನ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ.

ಟೀಚರ ಮೈದುನ ಯೋಗೀಶ್ ಕೊಡೆ ಹಿಡಿದುಕೊಂಡು ಬಂದರು.

"ಗಂಡಸು ಡ್ರೈವರ್ ಯಾರೂ ಇಲ್ವಾ? ಸ್ಮಶಾನಕ್ಕೆ ಹೆಂಗಸರು ಹೋಗುವ ಕ್ರಮ ನಮ್ಮಲ್ಲಿಲ್ಲ."

"ಈ ಗಾಡಿಗೆ ನಾನೇ ಡ್ರೈವರ್, ಯೋಗೀಶಣ್ಣ."

"ಅತ್ತಿಗೆಯದ್ದು ಬದುಕಿಡೀ ಇದೇ ಆಯ್ತು. ಎಂತ ಸಾಧಿಸಿದ್ರು ಹೇಳು? ಕಂಡವರನ್ನೆಲ್ಲ ಕೂರಿಸಿಕೊಂಡು ಕಾರಲ್ಲಿ ತಿರುಗಿದ್ದು, ಅಷ್ಟೇ."

ಅಪ್ಪಿ ಜಗಲಿಯಲ್ಲಿ ಮಲಗಿದ್ದ ಟೀಚರ ಕಡೆ ನೋಡಿದಳು.

*

ಟೀಚರಲ್ಲಿ ಡ್ರೈವಿಂಗ್ ಕಲಿತ ವರ್ಷ ಅಪ್ಪಿ ಬೀಡಿ ಕಟ್ಟುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ಲೈಸೆನ್ಸ್ ಸಿಕ್ಕಿದರೂ ಗಾಡಿ ನಂಬಿ ಕೊಡುವವರಿರಲಿಲ್ಲ; ಅವಳಿಗೇ ಧೈರ್ಯವಿರಲಿಲ್ಲ. ಆಟಿ ತಿಂಗಳ ಜಡಿಮಳೆಯ ಒಂದು ಬೆಳಗ್ಗೆ ಟೀಚರು ತಮ್ಮ ಹಳೆ ಕಾರಿನ ಕೀಲಿ ಅವಳ ಕೈಗಿಟ್ಟು, "ಮಡಿಕೇರಿಗೆ ಹೋಗಿ ಬರುವ. ನೀನೇ ಓಡಿಸು" ಎಂದರು.

ಸಂಪಾಜೆ ದಾಟಿ ಘಾಟಿ ಹತ್ತುವಾಗ ಮಂಜು ಕವಿಯಿತು. ಇಬ್ಬರ ಉಸಿರಿಗೆ ಗಾಜು ಒಳಗಿನಿಂದ ಬೆಳ್ಳಗಾಯಿತು. ಒರೆಸಿದರೂ ಮತ್ತೆ ಮಬ್ಬು. ಟೀಚರು ಹೀಟರ್ ಹಾಕಿದರು. ಗಾಳಿಯೇನೋ ಬಂತು, ತಣ್ಣಗೆ. ಎದುರಿನ ಬಸ್ಸು ಮೈಮೇಲೆ ಬಂದಾಗಲೇ ಕಂಡದ್ದು. ಅಪ್ಪಿ ಕಾರನ್ನು ಬದಿಗೆ ನಿಲ್ಲಿಸಿ ಅತ್ತೇಬಿಟ್ಟಳು.

"ನನ್ನಿಂದ ಆಗುದಿಲ್ಲ ಟೀಚರೇ. ನೀವೇ ಓಡಿಸಿ."

"ನಾನು ಓಡಿಸುದಿಲ್ಲ. ಬಿಸಿ ಯಾಕೆ ಬರುದಿಲ್ಲ, ಅದನ್ನು ನೋಡು. ಫ್ಯಾನ್ ತಿರುಗ್ತದಾ?"

"ತಿರುಗ್ತದೆ."

"ಇಂಜಿನ್ ಬಿಸಿಯ ಮುಳ್ಳು ಎಲ್ಲುಂಟು?"

"ನಡುವಿನಲ್ಲಿ."

"ಹಾಗಾದರೆ ಬಿಸಿನೀರು ಉಂಟು. ಹೀಟರಿಗೆ ಬರುದಿಲ್ಲ. ಎಲ್ಲಿ ನಿಂತಿದೆ ಅಂತ ಹುಡುಕು."

ಇಂಜಿನ್ ನಿಲ್ಲಿಸಿ ಬಾನೆಟ್ ಎತ್ತಿದಳು. ಟೀಚರು ಕೊಡೆ ಹಿಡಿದು ನಿಂತರೇ ಹೊರತು ಕೈ ಹಾಕಲಿಲ್ಲ. ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಅಪ್ಪಿ ಹೆದರುತ್ತಲೇ ಮುಟ್ಟಿದಳು. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗೆ ಕೊರೆಯುತ್ತಿತ್ತು. ಬಿಸಿ ಪೈಪಿನ ಜಾಡು ಹಿಡಿದು ಹೋದರೆ ಸಣ್ಣದೊಂದು ವಾಲ್ವ್.

"ಇದನ್ನು ಮುಚ್ಚಿ ಯಾರೋ ತಂತಿ ಕಟ್ಟಿದ್ದಾರೆ ಟೀಚರೇ!"

ಟೀಚರಿಗೆ ನಗು ತಡೆಯಲಾಗಲಿಲ್ಲ. "ನಮ್ಮೂರಿನ ಸೆಕೆಗೆ ಹೀಟರ್ ಯಾಕೆ ಅಂತ ಯಾವನೋ ಮೆಕ್ಯಾನಿಕ್ ಬಂದ್ ಮಾಡಿಟ್ಟದ್ದು. ಬಿಚ್ಚು ಮಾರಾಯ್ತಿ."

ತಂತಿ ಬಿಚ್ಚಿ ವಾಲ್ವ್ ತಿರುಗಿಸಿ, ಮತ್ತೆ ಇಂಜಿನ್ ಚಾಲು ಮಾಡಿದಳು. ಮೊದಲು ಧೂಳಿನ ವಾಸನೆ, ಆಮೇಲೆ ಹದವಾದ ಬಿಸಿಗಾಳಿ. ಗಾಜಿನ ಬುಡದಲ್ಲಿ ಅಂಗೈಯಷ್ಟು ತಿಳಿಯಾಯಿತು. ನೋಡುನೋಡುತ್ತ ಮೇಲೇರಿ ಅಗಲವಾಯಿತು. ರಸ್ತೆ ಕಂಡಿತು.

"ಬಂತು! ಟೀಚರೇ, ಬಂತು!" ಅಪ್ಪಿ ಕೂಗಿದಳು.

ಟೀಚರು ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದರು. ಮಡಿಕೇರಿ ತಲುಪುವವರೆಗೂ ಹಾಯಾಗಿ ನಿದ್ದೆ ಮಾಡಿದರು. ಅಪ್ಪಿಯನ್ನು ಅದುವರೆಗೆ ಯಾರೂ ಅಷ್ಟು ನಂಬಿರಲಿಲ್ಲ.

*

"ನಾನೇ ಓಡಿಸ್ತೇನೆ ಯೋಗೀಶಣ್ಣ," ಅಪ್ಪಿ ಹೇಳಿದಳು. "ನಾನು ಗಾಡಿ ಓಡಿಸುವಾಗ ಟೀಚರು ನಿದ್ದೆ ಮಾಡಿದ್ದಾರೆ, ಘಾಟಿಯಲ್ಲಿ."

ಯೋಗೀಶ್ ಏನೋ ಹೇಳಹೊರಟರು. ಅಷ್ಟರಲ್ಲಿ ಟೀಚರ ಮಗಳು ಕ್ಷಮಾ ಜಗಲಿಯಿಂದ ಇಳಿದು ಬಂದಳು.

"ಅಪ್ಪಿಯಕ್ಕನೇ ಓಡಿಸಲಿ ಚಿಕ್ಕಪ್ಪ. ನಾನೂ ಬರ್ತೇನೆ." ಯಾರ ಒಪ್ಪಿಗೆಗೂ ಕಾಯದೆ ಮುಂದಿನ ಸೀಟಿನಲ್ಲಿ ಕುಳಿತಳು. ಟೀಚರನ್ನು ಎತ್ತಿ ತಂದು ಗಾಡಿಯಲ್ಲಿ ಮಲಗಿಸಿದ ಮೇಲೆ ಯೋಗೀಶ್ ಕೊಡೆ ಮಡಚಿ, ಹಿಂದೆ ಅತ್ತಿಗೆಯ ಪಕ್ಕದಲ್ಲಿ ಕುಳಿತರು.

ಮುಖ್ಯರಸ್ತೆ ಬಂದಾಗ ಅಪ್ಪಿ ತನಗರಿವಿಲ್ಲದೆಯೇ ಬ್ರೇಕ್ ಒತ್ತಿದಳು. ಬದಿಯಲ್ಲಿ ಶಾಲೆಯ ವ್ಯಾನು, ಆಟೋಗಳು, ಹಾಲಿನ ಪಿಕಪ್, ಕಾರುಗಳು ಮಳೆಯಲ್ಲಿ ಸಾಲುಗಟ್ಟಿ ನಿಂತಿದ್ದವು. ಎಲ್ಲದರ ಚಾಲಕರೂ ಹೆಂಗಸರೇ.

"ಇವರೆಲ್ಲ ಯಾರು?" ಯೋಗೀಶ್ ಹಿಂದಿನಿಂದ ಕೇಳಿದರು.

"ನಿಮ್ಮ ಅತ್ತಿಗೆ ಕಾರಲ್ಲಿ ಕೂರಿಸಿಕೊಂಡು ತಿರುಗಿದವರು," ಎಂದಳು ಅಪ್ಪಿ.

ಆಂಬ್ಯುಲೆನ್ಸ್ ಮುಂದೆ ಸಾಗಿತು. ಒಂದೊಂದಾಗಿ ಹೆಡ್‌ಲೈಟ್ ಹೊತ್ತಿಸಿ ಗಾಡಿಗಳು ಹಿಂಬಾಲಿಸಿದವು. ಯೋಗೀಶ್ ಹಿಂದಿನ ಕಿಟಕಿಯಿಂದ ಎಣಿಸತೊಡಗಿದರು; ಲೆಕ್ಕ ತಪ್ಪಿತು, ಮೊದಲಿನಿಂದ ಎಣಿಸಿದರು. ಗುಡ್ಡದ ತಿರುವಿನಾಚೆಯಿಂದ ದೀಪಗಳು ಇನ್ನೂ ಬರುತ್ತಲೇ ಇದ್ದವು.